ಕಿವಿಗೆ ಬಿದ್ದ ಗೀಟುಗಳು

‘ಬಿಡಿಸು’ ನಡೆಸುವುದಕ್ಕೆ ದುಡ್ಡು ಬೇಕಿರಲಿಲ್ಲ. ದಿನಕ್ಕೊಂದು ಗಂಟೆ ಬೇಕಿತ್ತು, ಕರೆಂಟು ಬೇಕಿತ್ತು, ಗುರುತಿಲ್ಲದವರ ತಪ್ಪುಗಳನ್ನು ತಿದ್ದುವ ತಾಳ್ಮೆ ಬೇಕಿತ್ತು. ಗಂಜಾಂನ ಅಕ್ಕಸಾಲಿ ಕೃಷ್ಣಮೂರ್ತಿಯವರ ಮಗಳು ಅನುಶ್ರೀ ಇವನ್ನೆಲ್ಲ ಕೊಟ್ಟಳು. ಇದಕ್ಕಿಂತ ಹೆಚ್ಚಿನ ಖರ್ಚೂ ಉಂಟೆಂದು ಗೊತ್ತಾದದ್ದು ಆಮೇಲೆ.

ಅದೊಂದು ಪುಟ್ಟ ಪ್ರೋಗ್ರಾಮ್. ಕಪ್ಪು ಪರದೆಯ ಮೇಲೆ ‘ಬಿಡಿಸು’ ಎಂದು ಟೈಪಿಸಿ, ಮುಂದೆ ಆಸ್ಪತ್ರೆಯವರ ಗಿಡ್ಡ ಪದವೊಂದನ್ನು ಹಾಕಿದರೆ ಅದರ ಪೂರ್ತಿ ರೂಪ ಒಂದೇ ಸಾಲಿನಲ್ಲಿ ಬರುತ್ತದೆ. ಎನ್‌ಪಿಒ ಎಂದರೆ ಬಾಯಿಗೇನೂ ಕೊಡಬಾರದು. ಎಸ್‌ಒಬಿ ಎಂದರೆ ಉಸಿರಾಟದ ತೊಂದರೆ. ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತುವುದಕ್ಕೆ ಬಟನ್ ಇಲ್ಲ. ಅನುಶ್ರೀ ಮೈಸೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ದುಡಿಯುತ್ತಿದ್ದಳು. ಡಾಕ್ಟರುಗಳು ರೆಕಾರ್ಡ್ ಮಾಡಿದ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ ರಿಪೋರ್ಟ್ ಟೈಪಿಸುವ ಕೆಲಸ. ಗಿಡ್ಡ ಪದಗಳನ್ನೆಲ್ಲ ಬಿಡಿಸಿ ಬರೆಯಬೇಕೆಂಬುದು ಅಲ್ಲಿಯ ನಿಯಮ. ತನಗೆಂದು ಮಾಡಿಕೊಂಡದ್ದನ್ನು, ಎಲ್ಲರಿಗೂ ಇರಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಳು.

ಪಾಂಡವಪುರದ ಒಂದು ನರ್ಸಿಂಗ್ ಹೋಮಿನ ರೆಕಾರ್ಡ್ ರೂಮಿನಲ್ಲಿದ್ದ ತಿಮ್ಮರಾಜು ಅದನ್ನು ದಿನಾ ಬಳಸುತ್ತಿದ್ದ. ಒಂದು ಸಲ ತಾನು ಕಲೆಹಾಕಿದ ಪದಗಳನ್ನು ಅವಳಿಗೆ ಕಳಿಸಿದ. ಮುಕ್ಕಾಲು ಪಾಲು ವಾಪಸು ಬಂದವು. ಜೊತೆಗೆ ಒಂದೇ ಸಾಲು: ‘ಇಬ್ಬರು ಡಾಕ್ಟರ ಬಾಯಲ್ಲಿ ಕೇಳಿ ಕಳಿಸಿ.’

ತನ್ನ ಅಮ್ಮ ಜಯಲಕ್ಷ್ಮಮ್ಮನನ್ನು ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಕರೆತಂದ ಭಾನುವಾರ, ಅವಳನ್ನು ಕ್ಯೂನಲ್ಲಿ ನಿಲ್ಲಿಸಿ, ತಿಮ್ಮರಾಜು ಅಕ್ಕಸಾಲಿ ಮನೆ ಹುಡುಕಿಕೊಂಡು ಹೋದ.

“ನಿಮ್ ಮಗ್ಳು ನನ್ ಪದ್ಗೋಳ್ನೆಲ್ಲ ವಾಪಸ್ ಕಳ್ಸವ್ರೆ,” ಎಂದ ಜಗಲಿಯ ಕೆಳಗೆ ನಿಂತು.

ಕೃಷ್ಣಮೂರ್ತಿ ಒರೆಗಲ್ಲಿನಿಂದ ತಲೆಯೆತ್ತಿದರು. “ನಾನೂ ಅಂಗೇಯ ಕಣಪ್ಪ. ಎಲ್ಡು ಸತಿ ಉಜ್ದೆ ಚಿನ್ನ ಮುಟ್ಟಕಿಲ್ಲ. ಅನೂ, ಯಾರೋ ಜಗ್ಳಕ್ಕೆ ಬಂದವ್ರೆ ಬಾರವ್ವ.”

ಬಾಗಿಲಿಗೆ ಬಂದವಳು ಅವನನ್ನು ನೇರ ನೋಡಲಿಲ್ಲ. ಮುಖವನ್ನು ಕೊಂಚ ಓರೆ ಮಾಡಿ, ಅವನ ಎಡಗಿವಿಯ ಆಚೆ ಎಲ್ಲೋ ನೋಟ ನಿಲ್ಲಿಸಿ, ತುಟಿಯ ಅಂಚಿನಲ್ಲೇ ನಕ್ಕಳು. ತಿಮ್ಮರಾಜುಗೆ ಕಟ್ಟಿಕೊಂಡು ಬಂದ ಜಗಳ ಮರೆತುಹೋಯಿತು.

“ಅಷ್ಟು ಪದ ಒಂದೇ ಸತಿ ಕಳ್ಸುದ್ರೆ ನಾನು ಊಟ ಮಾಡದ್ಯಾವಾಗ?”

“ಊಟ ಮಾಡ್ಕಂಡೇ ನೋಡಿ. ಹೊಡ್ದಾಕದ್ಯಾಕೆ?”

“ಒಬ್ಬ ಡಾಕ್ಟ್ರು ಹೇಳುದ್ರೆ ಅದು ಅವ್ರ ಚಟ. ಇಬ್ರು ಹೇಳುದ್ರೆ ಪದ.”

ಆಮೇಲೆ ತಿಮ್ಮರಾಜುವಿನ ದೈವಭಕ್ತಿ ಹೆಚ್ಚಿತು. ಭಾನುವಾರ ತಪ್ಪಿಸಲಿಲ್ಲ. ಜಗಲಿಯಲ್ಲಿ ಕೂತು ಇಬ್ಬರೂ ಪದಗಳಿಗೆ ಕಿತ್ತಾಡುವರು. ಮಾತಿನ ನಡುವೆ ಅವಳು ಮೆಲ್ಲಗೆ ಮುಖ ತಿರುಗಿಸಿ ಓರೆಗಣ್ಣಿನಲ್ಲಿ ಅವನನ್ನು ಹಿಡಿಯುವಳು. ಅಷ್ಟನ್ನು ಜೋಪಾನವಾಗಿ ಕಟ್ಟಿಕೊಂಡು ಅವನು ಬೈಕಿನಲ್ಲಿ ಪಾಂಡವಪುರ ಸೇರುವನು.

ಮಾವು ಬರುವ ಹೊತ್ತಿಗೆ ಪ್ರೋಗ್ರಾಮಿನ ಪಾಸ್‌ವರ್ಡೂ ಅವನಿಗೆ ಸಿಕ್ಕಿತು. “ಪದ ಸೇರ್ಸು. ಬ್ಯಾರೆ ಏನೂ ಮುಟ್ಬ್ಯಾಡ,” ಎಂದಿದ್ದಳು. ‘ನೀವು’ ಹೋಗಿ ‘ನೀನು’ ಬಂದಿತ್ತು. ಆ ಸಂತೋಷದಲ್ಲಿ ಎರಡನೆಯ ಮಾತು ಅವನ ತಲೆಗೆ ಹೋಗಲಿಲ್ಲ.

ಅವಳ ಹುಟ್ಟುಹಬ್ಬ ಬುಧವಾರ. ಪ್ರೀತಿಸುವ ಹುಡುಗಿಯ ಪ್ರೋಗ್ರಾಮ್ ಇಷ್ಟು ಬೋಳಾಗಿರಬಾರದು ಎನಿಸಿ, ಅವನು ಹಿಂದಿನ ರಾತ್ರಿ ಪ್ರತಿ ಉತ್ತರದ ಸುತ್ತ ಗೀಟುಗಳ ಚೌಕಟ್ಟು ಕಟ್ಟಿದ. ನಾಲ್ಕು ಮೂಲೆಗೂ ಚುಕ್ಕಿ ಇಟ್ಟು ರಂಗೋಲಿಯಂತೆ ಮಾಡಿ, ನವಿಲು ಬಣ್ಣ ತುಂಬಿದ. ಅವಳ ಕಂಪ್ಯೂಟರ್ ಬೆಳಿಗ್ಗೆ ತಾನಾಗಿ ಹೊಸದನ್ನು ಇಳಿಸಿಕೊಳ್ಳುತ್ತದೆಂದು ಅವನಿಗೆ ಗೊತ್ತಿತ್ತು. ಹತ್ತು ಗಂಟೆಗೆ ಫೋನ್ ಮಾಡಿದ. ಎತ್ತಲಿಲ್ಲ. ಊಟದ ಹೊತ್ತಿಗೂ ಎತ್ತಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಗಂಜಾಂಗೆ ಹೊರಟ.

ಕೃಷ್ಣಮೂರ್ತಿ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಕುಲುಮೆ ತಣ್ಣಗಿತ್ತು.

“ಏನಾಯ್ತು? ಚೆನ್ನಾಗಿ ಕಾಣ್ಸಲ್ವಂತಾ?” ಎಂದ ತಿಮ್ಮರಾಜು.

“ನೀನಾಕಿದ ಗೀಟು ಅವಳ್ಗೆ ಕಾಣ್ಸಲ್ಲ ಕಣಪ್ಪ. ಕೇಳುಸ್ತವೆ.”

ಅವನಿಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಮಗಳ ಎರಡೂ ಕಣ್ಣಿನ ನಡುಭಾಗ ಸತ್ತು ವರ್ಷಗಳೇ ಆಗಿದ್ದವು. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಒಂದಿದೆ, ಅದನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಕೆಲಸ ಮಾಡುತ್ತಿದ್ದಳು. ಕಂಪನಿಗೆ ಹೇಳಿರಲಿಲ್ಲ. ಇವತ್ತು ಒಂದೊಂದು ಪದ ಕೇಳಿದಾಗಲೂ ಅದು ಅಡ್ಡಗೀಟು, ಅಡ್ಡಗೀಟು, ಮೂಲೆ, ಚುಕ್ಕಿ ಎಂದು ಒದರಿ, ಕೊನೆಗೆಲ್ಲೋ ಉತ್ತರ ಹೇಳಿತು. ರಿಪೋರ್ಟುಗಳು ತಡವಾದವು. ನೆನಪಿನಿಂದ ಬರೆದದ್ದರಲ್ಲಿ ಒಂದು ತಪ್ಪಾಯಿತು. ಮೇಲಿನವರು ವಿಡಿಯೋ ಕಾಲ್‌ನಲ್ಲಿ, ಪರದೆಯ ಮೇಲೆ ತಾವು ತೋರಿಸಿದ ಚಿತ್ರದೊಳಗಿನ ಸಾಲನ್ನು ಓದು ಎಂದರು. ಚಿತ್ರವನ್ನು ಆ ಸಾಫ್ಟ್‌ವೇರ್ ಓದುವುದಿಲ್ಲ. ಓದಲಾಗಲಿಲ್ಲ. ಸಾಯಂಕಾಲದೊಳಗೆ, ನಾಳೆಯಿಂದ ಬೇಡ ಎಂದು ಮೆಸೇಜು ಬಂತು.

ಅನುಶ್ರೀ ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅವನ ಕಡೆ ತಿರುಗಲಿಲ್ಲ.

“ಮುಟ್ಬ್ಯಾಡ ಅಂದಿದ್ದೆ.”

“ಯಾಕೇಂತ ಹೇಳಿದ್ರೆ ಮುಟ್ತಿರ್ಲಿಲ್ಲ.”

“ಹೇಳಿದ್ರೆ ಭಾನ್ವಾರ ಭಾನ್ವಾರ ಬತ್ತಿದ್ದಾ?”

ಬರುತ್ತಿದ್ದೆ ಎನ್ನುವುದು ಸುಲಭವಿತ್ತು. ಅವನು ಅನ್ನಲಿಲ್ಲ. “ನನ್ನ ಓರೆಯಾಗಿ ನೋಡ್ತಿದ್ದದ್ದು…?”

“ನೇರ ನೋಡುದ್ರೆ ನೀನೇ ಇರಲ್ಲ ಅಲ್ಲಿ. ಬೂದಿ ಚೆಲ್ದಂಗಿರ್ತದೆ. ಪಕ್ಕಕ್ಕೆ ನೋಡುದ್ರೆ ಸ್ವಲ್ಪ ಸಿಕ್ತೀಯ.”

“ನಾನು ಬ್ಯಾರೆ ಅಂದ್ಕಂಡಿದ್ದೆ.”

“ಏನಂತ?”

“ಇಷ್ಟ ಅಂತ.”

ಅವಳು ಮುಖ ಓರೆ ಮಾಡಿ ಅವನನ್ನು ಹುಡುಕಿದಳು. ಈ ಸಲ ನಗಲಿಲ್ಲ. “ಅದೂ ಇತ್ತು,” ಎಂದಳು.

“ಅಂಗಾದ್ರೆ ಮದ್ವೆ ಆಗೋಣ.”

“ಕೆಲ್ಸ ಕಳೆದದ್ಕೆ ಪರಿಹಾರ ಕೊಡಾಕೆ ಬಂದಿದ್ದೀಯಾ? ಮೊದ್ಲು ಗೀಟು ಕೀಳು.”

ಅವಳು ಹೆಡ್‌ಫೋನನ್ನು ಅವನ ಕಿವಿಗೆ ಹಾಕಿ, ಕಣ್ಣು ಮುಚ್ಚಿಕೊಂಡು ಕೇಳು ಎಂದಳು. ಅಡ್ಡಗೀಟು, ಅಡ್ಡಗೀಟು, ಅಡ್ಡಗೀಟು. ಒಂದು ನಿಮಿಷಕ್ಕೇ ಅವನ ಹಣೆ ಬೆವರಿತು. ಅವಳು ಆ ದಿನವೆಲ್ಲ ಕೇಳಿದ್ದಳು. ಕಣ್ಣು ಮುಚ್ಚಿಕೊಂಡೇ, ಕಿವಿಯಲ್ಲಿ ಕೇಳಿಕೊಂಡು ಕಟ್ಟಿದ್ದನ್ನೆಲ್ಲ ಅಳಿಸಿ, ಉತ್ತರ ಒಂದೇ ಸಾಲಿಗೆ ಬಂದ ಮೇಲೆ ಅವನು ಕಣ್ಣು ತೆರೆದ.

“ಮದ್ವೆ ಮಾತು ನಿನ್ನ ಬಾಯಲ್ಲಿ ಕೇಳ್ದೆ,” ಎಂದಳು ಅನುಶ್ರೀ. “ಇನ್ನೊಂದು ಬಾಯಲ್ಲಿ ಕೇಳ್ಬೇಕು. ನಿಮ್ಮಮ್ಮಂದು.”

ಆ ಬಾಯಿ ಸುಲಭಕ್ಕೆ ತೆರೆಯಲಿಲ್ಲ. ಜಯಲಕ್ಷ್ಮಮ್ಮನಿಗೆ ಜಾತಿಯೊಂದು ಅಡ್ಡ, ಕಣ್ಣೊಂದು ಅಡ್ಡ. “ನಾಳೆ ಮಗಿಗೂ ಅಂಗೇ ಆದ್ರೆ ಏನ್ಲಾ ಮಾಡೀಯೆ?” ಎಂದಳು. ನಾಗಮಂಗಲದ ಹುಡುಗಿ, ಕೆ.ಆರ್. ಪೇಟೆಯ ಹುಡುಗಿ, ಫೋಟೋಗಳು ಬಂದವು, ಹೋದವು. ತಿಮ್ಮರಾಜು ಭಾನುವಾರ ಗಂಜಾಂಗೆ ಹೋಗಿ, ಕಣ್ಣು ಮುಚ್ಚಿ, ವಾರದಲ್ಲಿ ಸೇರಿಸಿದ ಪದಗಳನ್ನು ಕಿವಿಯಲ್ಲಿ ಪರೀಕ್ಷಿಸಿ ಬರುತ್ತಿದ್ದ. ಅನುಶ್ರೀ ಎಲ್ಲೆಲ್ಲೋ ಕೆಲಸ ಕೇಳಿದಳು. ಈಗ ಕಣ್ಣಿನ ವಿಷಯ ಮೊದಲೇ ಹೇಳುತ್ತಿದ್ದಳು. ಯಾರೂ ಮರಳಿ ಕರೆಯಲಿಲ್ಲ.

ಕಾರ್ತೀಕದ ಒಂದು ಬೆಳಿಗ್ಗೆ ಜಯಲಕ್ಷ್ಮಮ್ಮ ಒಬ್ಬಳೇ ಬಸ್ಸು ಹತ್ತಿ ಗಂಜಾಂಗೆ ಬಂದಳು. ಕೊಟ್ಟ ಕಾಫಿಯನ್ನು ಕುಡಿಯದೆ ಪಕ್ಕಕ್ಕಿಟ್ಟಳು.

“ನಂಗೆ ಮನ್ಸಿಲ್ಲ ಕಣವ್ವ. ಸುಳ್ಳು ಯಾಕೇಳ್ಲಿ. ಅವ್ನು ಬ್ಯಾರೆ ಕಡೆ ನೋಡಕ್ಕೆ ಒಪ್ತಿಲ್ಲ. ಅದ್ಕೆ ಬಾ ಅಂತೀನಿ.”

“ಸುಳ್ಳು ಹೇಳ್ಲಿಲ್ವಲ್ಲ, ಸಾಕು ಅತ್ತೆ,” ಎಂದಳು ಅನುಶ್ರೀ.

ಜಯಲಕ್ಷ್ಮಮ್ಮ ಆರಿದ ಕಾಫಿಯನ್ನು ಎತ್ತಿಕೊಂಡು ಕುಡಿದಳು.

ಮದುವೆ ಕರಿಘಟ್ಟದ ದೇವಸ್ಥಾನದಲ್ಲಿ, ಹತ್ತಿಪ್ಪತ್ತು ಜನರ ಮುಂದೆ ಆಯಿತು. ತಾಳಿ ಕಟ್ಟಲು ಬಾಗಿದಾಗ ತಿಮ್ಮರಾಜು ಅವಳ ಓರೆನೋಟಕ್ಕಾಗಿ ಕಾದ. ಅವಳು ಮುಖವನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಬೂದಿ ಈಗ ಪಕ್ಕಕ್ಕೂ ಹಬ್ಬಿತ್ತು. ಕೊನೆಗೆ ಕೈ ಎತ್ತಿ ಅವನ ಕೆನ್ನೆಯ ಮೇಲಿಟ್ಟಳು.

ಕೆಲಸ ಮತ್ತೆ ಸಿಗಲಿಲ್ಲ. ‘ಬಿಡಿಸು’ ಇನ್ನೂ ನಡೆಯುತ್ತಿದೆ. ಅವಳಿಗೆ ಗಂಡ ಸಿಕ್ಕಿದ. ಅವನ ಮುಖ ಸಿಗಲಿಲ್ಲ.