ಜೆರಿನಾಳ ಹೆಸರಿನ ಕಾಗದ

ಆರು ಅಂಕ. ಜೆರಿನಾ ಹಲಿಲೊವಿಚ್‌ಗೂ ಅವಳ ಹೈಸ್ಕೂಲ್ ಡಿಪ್ಲೊಮಾಕ್ಕೂ ನಡುವೆ ಅಡ್ಡ ನಿಂತಿದ್ದು ಬರೀ ಆರು ಅಂಕ. ಜಗತ್ತಿನ ಇತಿಹಾಸದ ರಾಜ್ಯ ಪರೀಕ್ಷೆಯಲ್ಲಿ ಅರವತ್ತೈದು ಬಂದರೆ ಪಾಸು. ಎರಡು ವರ್ಷದ ಹಿಂದೆ ಅವಳಿಗೆ ಬಂದದ್ದು ಐವತ್ತೊಂಬತ್ತು. ಅದೂ ಓದದೆ ಅಲ್ಲ. ಕೊನೆಯ ಪ್ರಬಂಧವನ್ನು ಪೂರ್ತಿ ಖಾಲಿ ಬಿಟ್ಟು ಎದ್ದು ಬಂದಿದ್ದಳು. ಯಾಕೆ ಅಂತ ಮೇಷ್ಟ್ರು ಕೇಳಿದ್ದಕ್ಕೆ, "ಗೊತ್ತಿತ್ತು ಮಿಸ್ಟರ್, ಆದ್ರೆ ಸರಿಯಾಗಿ ಗೊತ್ತಿರ್ಲಿಲ್ಲ" ಅಂದಿದ್ದಳು.

ಯೂಟಿಕಾ ಊರಿನ ಆ ಶಾಲೆಯಲ್ಲಿ ವಲಸೆ ಬಂದವರ ಮಕ್ಕಳೆಲ್ಲ ರೇಮಂಡ್ ಸ್ಪಿನೆಲ್ಲಿ ಮೇಷ್ಟ್ರನ್ನು ಬರೀ ಮಿಸ್ಟರ್ ಅಂತಲೇ ಕರೆಯುತ್ತಿದ್ದರು. ಮೂವತ್ತನಾಲ್ಕು ವರ್ಷದಿಂದ ಅದೇ ಇನ್ನೂರ ಹದಿನಾಲ್ಕನೇ ಕೋಣೆ, ಅದೇ ಪಾಠ. ಈ ಜೂನ್‌ಗೆ ನಿವೃತ್ತಿ. ಇಷ್ಟು ವರ್ಷದಲ್ಲಿ ಒಂದು ಅಂಕ ಆಚೀಚೆ ಮಾಡಿದವರಲ್ಲ ಅವರು. ಆದರೆ ಈ ಹುಡುಗಿಯ ವಿಷಯದಲ್ಲಿ ಅವರಿಗೆ ಸಂಕಟವಾಗುತ್ತಿತ್ತು. ಬೋಸ್ನಿಯಾದ ಯುದ್ಧದಲ್ಲಿ ಮನೆ ಸುಟ್ಟುಹೋಗಿ, ಅರ್ಧ ಭೂಮಿ ದಾಟಿ ಬಂದು, ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮಾಡಿದ ತಾಯಿಯ ಮಗಳಿಗೆ ಇತಿಹಾಸ ಬರುವುದಿಲ್ಲವಂತೆ! ಯಾರಿಗೆ ಹೇಳಬೇಕು ಇದನ್ನ?

ಜನವರಿಯಲ್ಲಿ ಮತ್ತೊಮ್ಮೆ ಕೂರಬಹುದಿತ್ತು. ಆದರೆ ಆ ದಿನ ಅವಳು ಅಮ್ಮನ ಹಾಸಿಗೆ ಪಕ್ಕದಲ್ಲಿದ್ದಳು. ತಾಯಿ ಸೆನಿಹಾಗೆ ಕ್ಯಾನ್ಸರ್. ಮೇಷ್ಟ್ರು ನೋಡಲು ಹೋದಾಗ ಆಕೆ ಮಗಳನ್ನು ಕಾಫಿ ತರಲು ಕಳಿಸಿ, ಅವರ ಕೈ ಹಿಡಿದುಕೊಂಡಿದ್ದಳು.

"ನಮ್ಮ ಮನೇಲಿ ಯಾರ ಹತ್ರನೂ ಒಂದು ಕಾಗದ ಇಲ್ಲ ಮಿಸ್ಟರ್. ನಾನು ಓದಿದ್ದು, ನನ್ನ ಮದುವೆದು, ನಮ್ಮಪ್ಪನ ಮನೆದು, ಎಲ್ಲಾ ಸುಟ್ಟೋಯ್ತು. ಇವಳ ಹೆಸರಲ್ಲಿ ಒಂದೇ ಒಂದು ಕಾಗದ ಇರ್ಲಿ. ಗೋಡೆಗೆ ಹಾಕೋ ಅಂಥದ್ದು."

"ಹಾಕ್ತೀವಮ್ಮ. ನಾನಿದೀನಿ" ಅಂದುಬಿಟ್ಟಿದ್ದರು ಮೇಷ್ಟ್ರು. ಮಾತು ಕೊಡುವುದು ಸುಲಭ.

ಏಪ್ರಿಲ್‌ನಲ್ಲಿ ಸೆನಿಹಾ ತೀರಿಕೊಂಡಳು. ಜೆರಿನಾ ಒಂದು ವಾರ ಶಾಲೆಗೆ ಬಂದಳು, ಆಮೇಲೆ ನಿಂತೇಬಿಟ್ಟಳು. ಅಪ್ಪ ಲಾರಿ ಓಡಿಸುವವನು, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮೇ ತಿಂಗಳಲ್ಲಿ ಮೇಷ್ಟ್ರು ಮೂರು ಸಲ ಮನೆ ಬಾಗಿಲು ಬಡಿದರು. ಮೂರನೆಯ ಸಲ ಬಾಗಿಲು ತೆರೆಯಿತು. ಅಮ್ಮನ ಬೂದು ಸ್ವೆಟರ್ ಹಾಕಿಕೊಂಡು, ಕಣ್ಣು ಗುಳಿ ಬಿದ್ದು ನಿಂತಿದ್ದಳು ಹುಡುಗಿ.

"ಓದಿದ್ದೆಲ್ಲ ಅಮ್ಮನ ಜೊತೆ ಹೋಯ್ತು ಮಿಸ್ಟರ್. ತಲೇಲಿ ಏನೂ ಇಲ್ಲ."

"ಜೂನ್ ಪರೀಕ್ಷೆಗೆ ಸುಮ್ನೆ ಬಂದು ಕೂತ್ಕೋ ತಾಯಿ. ಮಿಕ್ಕಿದ್ದು ಆಗುತ್ತೆ."

ಅವಳು ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡಳು. ಇವಳು ಬರುವವಳಲ್ಲ ಅಂತ ಮೇಷ್ಟ್ರಿಗೆ ಅಲ್ಲೇ ಖಾತ್ರಿಯಾಯಿತು. ಕಾರಿಗೆ ಹೋಗಿ ಕೂತು ಅತ್ತರು. ಅತ್ತು ಮುಗಿಸುವ ಹೊತ್ತಿಗೆ ಉಪಾಯ ಸಿದ್ಧವಾಗಿತ್ತು. ಅವಳ ಬದಲು ತಾನೇ ಬರೆಯುವುದು.

ಕೇಳಿದರೆ ಹುಚ್ಚು ಅನಿಸುತ್ತದೆ. ಆದರೆ ಮೂವತ್ತನಾಲ್ಕು ವರ್ಷ ಪರೀಕ್ಷೆಯ ಕಳ್ಳರನ್ನು ಹಿಡಿದವನಿಗೆ ಕಳ್ಳದಾರಿಯೂ ಗೊತ್ತಿರುತ್ತದೆ. ಮಕ್ಕಳು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರಬಲ್ಲೆ ಎಂಬ ಧೈರ್ಯ ಅವರದು. ಉತ್ತರದ ಹಾಳೆಗಳು ಮಕ್ಕಳ ಹೆಸರು ಅಚ್ಚಾಗಿಯೇ ಬರುತ್ತವೆ. ಬಾರದವರ ಹಾಳೆಯನ್ನು ಆಫೀಸಿಗೆ ಮರಳಿಸಬೇಕು. ಬಂದಿದ್ದಾರೆ ಅಂತ ಹಾಜರಿ ಹಾಕಿದರೆ ಮರಳಿಸಬೇಕಿಲ್ಲ. ಹಾಜರಿ ಹಾಕುವವರು ಯಾರು? ಕೋಣೆಯ ಮೇಲ್ವಿಚಾರಕರು, ಅಂದರೆ ತಾವೇ. ತಿದ್ದುವವರು ಅವಳ ಮುಖ ಕಂಡವರಲ್ಲ, ಬೇರೆ ಶಾಲೆಯವರು. ಪ್ರಶ್ನೆಪತ್ರಿಕೆಯ ಕಟ್ಟನ್ನು ಪರೀಕ್ಷೆಯ ಬೆಳಿಗ್ಗೆಯೇ ಒಡೆಯುವುದರಿಂದ ಮೊದಲೇ ಬರೆದಿಡಲಾಗದು, ನಿಜ. ಹಾಗಾದರೆ ಎಲ್ಲರೆದುರೇ, ಮೇಷ್ಟ್ರ ಮೇಜಿನ ಮೇಲೇ ಬರೆಯುವುದು. ಮುದುಕ ಮೇಷ್ಟ್ರು ಏನೋ ಗೀಚುತ್ತಿದ್ದರೆ ತಲೆ ಎತ್ತಿ ನೋಡುವವರು ಯಾರು?

ಎಲ್ಲಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿತ್ತು. ಒಂದು ಹೆಸರಿನ ಉತ್ತರದಲ್ಲಿ ಎರಡು ಕೈಬರಹ ಕಂಡರೆ ರಾಜ್ಯದವರು ದಾಕ್ಷಿಣ್ಯ ನೋಡುವುದಿಲ್ಲ. ಪಕ್ಕದ ಜಿಲ್ಲೆಯಲ್ಲಿ ತಮ್ಮನ ಬದಲು ಅಣ್ಣ ಬರೆದು ಸಿಕ್ಕಿಬಿದ್ದು, ತಮ್ಮನ ಪರೀಕ್ಷೆಯೂ ಹೋಯಿತು, ಡಿಪ್ಲೊಮಾವೂ ಹೋಯಿತು. ಜೆರಿನಾಗೆ ಆ ಭಯವಿಲ್ಲ. ಅವಳಿಗೆ ಇದರ ಗಂಧಗಾಳಿಯೂ ತಿಳಿಯದು. ಆ ದಿನ ಅವಳು ಶಾಲೆಯ ಮೆಟ್ಟಿಲನ್ನೇ ಹತ್ತಿರುವುದಿಲ್ಲವಾದ್ದರಿಂದ, ಏನು ಬಂದರೂ ತಮ್ಮ ತಲೆಗೆ. ಅವಳ ಮೈಗೆ ಒಂದು ಚೂರೂ ಅಂಟುವುದಿಲ್ಲ. ಪಾಸಾದ ಮೇಲೆ, ವರ್ಷದ ಕೆಲಸ ನೋಡಿ ಶಾಲೆಯವರೇ ಪಾಸು ಮಾಡಿದರು ಅಂತ ಅವಳಿಗೆ ಒಂದು ಸುಳ್ಳು ಹೇಳಿದರಾಯಿತು.

ಆರು ವಾರ ಅಡುಗೆಮನೆಯಲ್ಲಿ ಕೂತು ಅವಳ ಹಳೆಯ ನೋಟ್‌ಬುಕ್ಕಿನಿಂದ ಅಕ್ಷರ ತಿದ್ದಿದರು, ಒಂದನೇ ಕ್ಲಾಸಿನ ಹುಡುಗನ ಹಾಗೆ. ಏಳರ ಅಂಕಿಗೆ ನಡುವೆ ಅಡ್ಡಗೆರೆ, ಅದು ಅಮ್ಮ ಕಲಿಸಿದ್ದು. ಸಾಲುಗಳು ಕೊನೆಗೆ ಬರುವಾಗ ಸ್ವಲ್ಪ ಮೇಲಕ್ಕೆ ಏರುತ್ತವೆ. ನೀಲಿ ಪೆನ್ನು. ಅವರಿಗೆ ತಮ್ಮ ಕೈ ಮರೆತೇ ಹೋಗುವಷ್ಟು ಅವಳ ಕೈ ಬಂತು. ಸಾಮಾನಿನ ಚೀಟಿ ಬರೆದರೂ ಅವಳ ಅಕ್ಷರದಲ್ಲೇ ಬರುತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಕಟ್ಟು ಕೊಡುವಾಗ ಡೀನಾ ಬ್ರಾಂಡ್ಟ್ ಎಂದಿನಂತೆ ರೇಗಿಸಿದಳು. ಶಾಲೆಯ ಪರೀಕ್ಷೆಗಳ ಉಸ್ತುವಾರಿಯೆಲ್ಲ ಆಕೆಯದೇ.

"ಏನ್ರೀ ರೇ, ಕೊನೇ ಪರೀಕ್ಷೆಗಾದ್ರೂ ಆ ಟೈ ಬದಲಾಯಿಸಬಾರದಾ? ನೀವು ಹೋದ್ಮೇಲೆ ಅದನ್ನ ಗಾಜಿನ ಪೆಟ್ಟಿಗೇಲಿ ಇಡಿಸ್ತೀನಿ."

"ನನ್ನನ್ನೂ ಅದರೊಳಗೇ ಇಟ್ಬಿಡಮ್ಮ, ಬಾಡಿಗೆ ಉಳಿಯುತ್ತೆ" ಅಂದರು.

ಒಂಬತ್ತೂಕಾಲಿಗೆ ಪರೀಕ್ಷೆ ಶುರು. ಇಪ್ಪತ್ನಾಲ್ಕು ಹೆಸರು, ಇಪ್ಪತ್ಮೂರು ಮಕ್ಕಳು. ಕಿಟಕಿ ಪಕ್ಕದ ಜೆರಿನಾಳ ಕುರ್ಚಿ ಖಾಲಿ. ಅದನ್ನು ಒಂದು ಗಳಿಗೆ ನೋಡಿ, ಹೆಸರಿನ ಮುಂದೆ ಹಾಜರಿ ಗುರುತು ಹಾಕಿದರು. ಗೋಡೆಗೆ ಅಂಟಿಸಿದ್ದ ಹಳದಿ ಹಾಳೆಯನ್ನು ನಿಯಮದಂತೆ ತೆಗೆದು ಕಪಾಟಿನಲ್ಲಿ ಮಡಿಸಿಟ್ಟಿದ್ದರು. ಪರೀಕ್ಷೆ ಗೆಲ್ಲುವ ಏಳು ಉಪಾಯ ಅಂತ ಅವರೇ ದಪ್ಪಕ್ಷರದಲ್ಲಿ ಬರೆದ ಹಾಳೆ ಅದು. ಮೊದಲನೆಯದನ್ನು ಓದಿ ಮಕ್ಕಳು ನಗುತ್ತಿದ್ದರು: "ಬಾ. ತಲೆ ಬಾಚದಿದ್ದರೂ ಬಾ." ಆಮೇಲೆ, ಗೊತ್ತಿಲ್ಲದಿದ್ದರೂ ಖಾಲಿ ಬಿಡಬೇಡ. ಮೊದಲು ತಪ್ಪು ಉತ್ತರಗಳನ್ನು ಹೊಡೆದುಹಾಕು. ರಾಜನ ಹೆಸರು ಮರೆತರೆ ರಾಜ ಮಾಡಿದ್ದನ್ನು ಬರೆ. ಪ್ರಬಂಧದಲ್ಲಿ, ಕೊಟ್ಟ ದಾಖಲೆಗಳಲ್ಲಿ ಇಲ್ಲದ ಒಂದು ಮಾತನ್ನು ಹೊರಗಿನಿಂದ ತಂದು ಹಾಕು. ಹೀಗೆ ಏಳು.

ಬುದ್ಧಿವಂತ ಬುದ್ಧಿ ಕಡಿಮೆ ಮಾಡಿಕೊಂಡು ಬರೆಯುವುದು ಎಷ್ಟು ಕಷ್ಟ ಅಂತ ಅವರಿಗೆ ಆವತ್ತು ಗೊತ್ತಾಯಿತು. ಗುರಿ ಎಪ್ಪತ್ತೊಂದು. ಅದಕ್ಕಿಂತ ಹೆಚ್ಚು ಬಂದರೆ ಅನುಮಾನ, ಕಡಿಮೆಯಾದರೆ ಅಪಾಯ. ಐವತ್ತು ಪ್ರಶ್ನೆಗಳಲ್ಲಿ ಹದಿನಾಲ್ಕನ್ನು ಬೇಕೆಂದೇ ತಪ್ಪು ಮಾಡಿದರು, ಅದೂ ಅವಳು ಮಾಡುವಂಥ ತಪ್ಪನ್ನೇ. ಮಂಗೋಲರು ಬರುತ್ತಿದ್ದಂತೆ ಅವಳಿಗೆ ಗಾಬರಿ, ಕ್ರಾಂತಿಗಳಲ್ಲಿ ಗಟ್ಟಿ. ಒಂದೊಂದು ತಪ್ಪು ಉತ್ತರದ ವೃತ್ತವನ್ನು ತುಂಬುವಾಗಲೂ ಅವರ ಪೆನ್ಸಿಲ್ ಒಂದು ಕ್ಷಣ ತಡೆಯುತ್ತಿತ್ತು.

ಪ್ರಬಂಧದ ವಿಷಯವನ್ನು ಎರಡು ಸಲ ಓದಿದರು. ಜನ ಗುಂಪುಗುಂಪಾಗಿ ತಮ್ಮ ನೆಲ ಬಿಟ್ಟು ಹೋಗಬೇಕಾದ ಸಂದರ್ಭಗಳು. ಐರ್ಲೆಂಡಿನ ಕ್ಷಾಮ, ಹಿಂದೂಸ್ತಾನದ ವಿಭಜನೆ, ಎಲ್ಲಕ್ಕೂ ದಾಖಲೆ ಕೊಟ್ಟಿದ್ದರು. ಹೊರಗಿನ ಒಂದು ಮಾತು? ಸೆನಿಹಾಳ ಹೆಸರು ಪೆನ್ನಿನ ತುದಿಗೆ ಬಂತು. ಅದನ್ನು ಬರೆದರೆ ಕೈ ತಪ್ಪಿ ತಮ್ಮದೇ ಅಕ್ಷರ ಬಂದುಬಿಡುತ್ತದೆ. ಬೇಡ ಅಂದುಕೊಂಡು, ಗ್ರೀಸು ಟರ್ಕಿಗಳ ನಡುವೆ ನಡೆದ ಜನರ ಅದಲುಬದಲನ್ನು ಬರೆದು, ಇಸವಿಯನ್ನು ಹತ್ತು ವರ್ಷ ತಪ್ಪಾಗಿ ಹಾಕಿದರು.

ಅಷ್ಟರಲ್ಲಿ, ಹತ್ತು ದಾಟಿರಬೇಕು, ಬಾಗಿಲ ಗಾಜಿನಾಚೆ ಡೀನಾಳ ಮುಖ ಕಂಡಿತು. ಮೇಷ್ಟ್ರು ಹಾಳೆಯ ಮೇಲೆ ಅಂಗೈ ಮುಚ್ಚಿದರು. ಆಕೆ ಬೆರಳಿನಿಂದ ಕೆಳಗಡೆ ತೋರಿಸಿದಳು, ನಕ್ಕಳು, ಹೆಬ್ಬೆರಳೆತ್ತಿದಳು. ಎಲ್ಲ ಸರಿಯಾಗಿದೆಯಾ ಅಂತ ಕೇಳುತ್ತಿದ್ದಾಳೆ, ಇನ್ನೇನು. ಮೇಷ್ಟ್ರೂ ಹೆಬ್ಬೆರಳೆತ್ತಿದರು. ಆಕೆ ಸಂತೋಷದಿಂದ ತಲೆಯಾಡಿಸಿ ಹೋದಳು. ಗಾಜಿನಾಚೆಯಿಂದ ನೋಡಿದರೂ ಏನೂ ಗೊತ್ತಾಗಲಿಲ್ಲವಲ್ಲ ಅಂತ ಅವರಿಗೆ ಒಳಗೊಳಗೇ ಹೆಮ್ಮೆಯಾಯಿತು.

ಕೊನೆಯ ಪುಟದಲ್ಲಿ, ಯಾರ ಸಹಾಯವನ್ನೂ ಪಡೆದಿಲ್ಲ, ಯಾರಿಗೂ ಸಹಾಯ ಮಾಡಿಲ್ಲ ಎಂಬ ಪ್ರಮಾಣದ ಸಾಲು. ಅದರ ಕೆಳಗೆ ಸಹಿ. ಜೆರಿನಾ ಹಲಿಲೊವಿಚ್ ಅಂತ ಬರೆದಾಗ ಸಾಲು ಕೊನೆಗೆ ಸ್ವಲ್ಪ ಮೇಲಕ್ಕೆ ಏರಿತು, ಥೇಟ್ ಅವಳದೇ. ಸೆನಿಹಾ, ನಿನ್ನ ಕಾಗದ, ಅಂದುಕೊಂಡರು. ಮೂವತ್ತನಾಲ್ಕು ವರ್ಷದ ಪ್ರಾಮಾಣಿಕತೆ ಒಂದು ಸಹಿಯಲ್ಲಿ ಮುಗಿಯಿತು, ದುಃಖವಾಯಿತು. ಆದರೂ ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ.

ಹನ್ನೆರಡೂಕಾಲಿಗೆ ಇಪ್ಪತ್ನಾಲ್ಕು ಉತ್ತರಗಳನ್ನು ಎಣಿಸಿ ಕಟ್ಟಿ ಆಫೀಸಿಗೆ ಒಯ್ದರು. ಡೀನಾ ಯಾರೊಡನೆಯೋ ಫೋನಿನಲ್ಲಿದ್ದವಳು, ಕಟ್ಟು ಎಣಿಸಿ, ಪಟ್ಟಿ ನೋಡಿ ಸರಿಯಿದೆ ಅಂತ ಸಹಿ ಹಾಕಿದಳು. ಮೇಜಿನ ಮೇಲೆ ಕೆಳಮಹಡಿಯ ಲೈಬ್ರರಿಯಿಂದ ಬಂದ ಇನ್ನೊಂದು ತೆಳ್ಳನೆಯ ಕಟ್ಟು ಇತ್ತು. ಮೇಷ್ಟ್ರು ಅದರ ಕಡೆ ನೋಡಲೂ ಇಲ್ಲ. ಕೋಣೆಗೆ ವಾಪಸಾಗಿ ಹಳದಿ ಹಾಳೆಯನ್ನು ಕಪಾಟಿನಿಂದ ತೆಗೆದರು, ನೆನಪಿಗೆ ಮನೆಗೊಯ್ಯೋಣ ಅಂತ.

"ಮಿಸ್ಟರ್" ಅಂತ ಬಾಗಿಲಲ್ಲಿ ದನಿ ಕೇಳಿ ತಿರುಗಿದರೆ ಜೆರಿನಾ, ಅಮ್ಮನ ಬೂದು ಸ್ವೆಟರಿನಲ್ಲಿ, ಬಾಚದ ತಲೆಯಲ್ಲಿ, ಬೆರಳಿಗೆಲ್ಲ ನೀಲಿ ಶಾಯಿ ಮೆತ್ತಿಕೊಂಡು, ಎರಡು ತಿಂಗಳಲ್ಲಿ ಮೊದಲ ಸಲ ನಗುತ್ತಾ ನಿಂತಿದ್ದಳು. "ಬಂದೆ ಮಿಸ್ಟರ್! ಒಂಬತ್ತೂ ಐವತ್ತೇಳಕ್ಕೆ, ಓಡ್ಕೊಂಡು ಬಂದೆ. ಮಿಸೆಸ್ ಬ್ರಾಂಡ್ಟ್ ಬೇರೆ ಹಾಳೆ ಕೊಟ್ಟು, ನನ್ ಹೆಸ್ರು ಕೈಯಲ್ಲೇ ಬರೆಸಿ, ತಡವಾಗಿ ಬಂದೋರ ಜೊತೆ ಕೆಳಗೆ ಲೈಬ್ರರಿಲಿ ಕೂರಿಸಿದ್ರು. ಪ್ರಶ್ನೆ ನೋಡಿ ಎದ್ದು ಹೋಗ್ಬಿಡೋಣ ಅಂತಿದ್ದೆ. ಅಷ್ಟ್ರಲ್ಲಿ ಅವ್ರು ಬಂದು, ನೀನು ಬಂದಿರೋದು ನಿಮ್ ಮಿಸ್ಟರ್‌ಗೆ ಹೇಳ್ದೆ, ಹೆಬ್ಬೆರಳು ಎತ್ತಿದ್ರು ಅಂದ್ರು. ಆಮೇಲೆ ಒಂದನ್ನೂ ಖಾಲಿ ಬಿಟ್ಟಿಲ್ಲ. ಹೊರಗಿಂದ ಒಂದು ಮಾತು ಹಾಕು ಅಂತೀರಲ್ಲ, ಅಮ್ಮನ್ನ ಹಾಕ್ದೆ." ಮೇಷ್ಟ್ರು ಅವಳ ಶಾಯಿ ಮೆತ್ತಿದ ಬೆರಳುಗಳನ್ನೇ ನೋಡುತ್ತಿದ್ದರು. "ಯಾಕೆ ಹಂಗೆ ನೋಡ್ತೀರಾ? ನಾನು ಬರಲ್ಲ ಅನ್ಕೊಂಡ್ರಾ? ನೀವೇ ಬರೆದಿರೋದಲ್ವಾ, ನೋಡಿ" ಅಂತ ಅವಳು ಅವರ ಕೈಯಲ್ಲಿದ್ದ ಹಳದಿ ಹಾಳೆಯನ್ನು ಬಿಡಿಸಿ, ಮೊದಲನೆಯ ಉಪಾಯದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. ಅವರದೇ ಕೈಬರಹ, ಮೂವತ್ತನಾಲ್ಕು ವರ್ಷದಿಂದ ಮಕ್ಕಳಿಗೆ ಓದಿ ಹೇಳಿ ಹೇಳಿ ತಾವೇ ಓದುವುದನ್ನು ಬಿಟ್ಟಿದ್ದ ಸಾಲು: "ತಡವಾದರೂ ಬಾ. ಹತ್ತು ಗಂಟೆಯವರೆಗೆ ಬಾಗಿಲು ತೆರೆದಿರುತ್ತದೆ." ಗೋಡೆಯ ಸ್ಪೀಕರಿನಲ್ಲಿ ಡೀನಾಳ ದನಿ, ರೇಗಿಸುವ ದನಿಯಲ್ಲ ಅದು, ಸ್ಪಿನೆಲ್ಲಿ ಮೇಷ್ಟ್ರು ತಕ್ಷಣ ಆಫೀಸಿಗೆ ಬರಬೇಕು ಅಂತ ಕರೆಯಿತು. ಸೆನಿಹಾ ಬೇಡಿದ್ದು ಮಗಳ ಹೆಸರಿನಲ್ಲಿ ಒಂದೇ ಒಂದು ಕಾಗದ. ಈಗ ಡೀನಾಳ ಮೇಜಿನ ಮೇಲೆ ಎರಡು ಇದ್ದವು.