ಬಾಗಿಲಾಚೆ ಬಿಟ್ಟ ಬೂಟು

ಹೋದ ಡಿಸೆಂಬರಿನಲ್ಲಿ ಮೊದಲ ಸಲ ಚಳಿಗಾಲದ ಸ್ಕ್ಯಾಂಡಿನೇವಿಯಾ ನೋಡಿದೆ. ನಾರ್ವೆಯ ಟ್ರೊಮ್ಸೊದಲ್ಲಿ ನಡುಮಧ್ಯಾಹ್ನವೂ ಸೂರ್ಯನಿಲ್ಲ. ಹಿಮದ ಮೇಲೆಲ್ಲ ತಿಳಿನೀಲಿ ಬೆಳಕು. ಅಂಥ ಚೆಲುವನ್ನು ನಾನು ಕಂಡಿರಲೇ ಇಲ್ಲ. ತಂಗಿದ್ದ ಮನೆಯ ಒಡತಿ ತನ್ನ ಹಳೆಯ ಉಣ್ಣೆ ಬೂಟು ಕೊಟ್ಟಳು. ಸುತ್ತಾಡಿ ಬಂದವಳು ನಮ್ಮವರ ಅಭ್ಯಾಸದಂತೆ ಅದನ್ನು ಬಾಗಿಲಾಚೆಯೇ ಬಿಟ್ಟೆ. ಗಂಟೆ ಕಳೆದು ನೋಡಿದರೆ ಮೆಟ್ಟಿಲೆಲ್ಲ ಹೆಪ್ಪುಗಟ್ಟಿತ್ತು. ಬೂಟಿನೊಳಗೆ ಮಾತ್ರ ಯಾರೋ ಈಗಷ್ಟೇ ಕಾಲು ತೆಗೆದಂಥ ಬಿಸುಪು.

"ಇಲ್ಲಿ ಯಾರೂ ಬೂಟನ್ನು ಹೊರಗೆ ಬಿಡುವುದಿಲ್ಲ," ಎಂದಳು ಆಕೆ, ಮೆಲ್ಲಗೆ.

ನಾನು ವಾಸವಿರುವ ಮೌಂಟನ್ ವ್ಯೂಗೆ ಮರಳಿದ ಮರುದಿನ ಒಳ್ಳೆಯ ಬಿಸಿಲು. ರೂಮ್‌ಮೇಟ್ ಹಂಸಾ ಬಾಗಿಲಿನಿಂದ ಕೂಗಿದಳು: "ಲೇ, ನಿನ್ನ ಉಣ್ಣೆ ಬೂಟು ಒಳಗಿಡೇ! ಐಸ್ ಕರಗಿ ಕಾರಿಡಾರೆಲ್ಲ ಒದ್ದೆ ಆಗಿದೆ."

ಆ ಬೂಟನ್ನು ನಾನು ಟ್ರೊಮ್ಸೊದಲ್ಲಿ ಮನೆಯೊಡತಿಯ ಕೈಗೇ ಕೊಟ್ಟು ಬಂದಿದ್ದೆ.