ಎರಡನೇ ಚಾನೆಲ್

"ನನ್ನ ಗೋಲು ನನಗೆ ಕೊಡಿ."

ಹೆಡ್‌ಫೋನುಗಳ ವೈರು ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ ಮಿರ್ತೆ ತಲೆಯೆತ್ತಿದಳು. ಮೇಜಿನಾಚೆ ಎತ್ತರದ ಯುವಕನೊಬ್ಬ ನಿಂತಿದ್ದ. ಕೊರಳಲ್ಲಿ ನೇರಳೆ ಸ್ಕಾರ್ಫು, ಅಂದರೆ ಎದುರಾಳಿ ಊರಿನವನು. ಕೈಯಲ್ಲಿ ಬಿಳಿ ಕೋಲು. ಮುಖ ಅವಳ ಕಡೆಗೇ ಇತ್ತು, ಕಣ್ಣು ಮಾತ್ರ ಅವಳ ಭುಜದಾಚೆ ಎಲ್ಲೋ ನೆಟ್ಟಿತ್ತು.

"ಏನು ಕೊಡ್ಲಿ?"

"ಗೋಲು. ಕೊನೇ ನಿಮಿಷದಲ್ಲಿ ನಮ್ಮವರು ಹೊಡೆದದ್ದು. ಪಂದ್ಯ ಪೂರ್ತಿ ನಿಮ್ಮ ಮಾತಲ್ಲೇ ನೋಡಿದೆ. ಅದೊಂದನ್ನ ಮಾತ್ರ ನೀವು ನುಂಗಿಬಿಟ್ರಿ."

ಮಿರ್ತೆಯ ಮುಖ ಕೆಂಪಾಯಿತು. ಅವನಿಗೆ ಅದು ಕಾಣಲಿಲ್ಲ ಎಂಬುದೊಂದೇ ಪುಣ್ಯ.

ಡಚ್ಚರ ನಾಡಿನ ನೈಮೇಖನ್ ಊರಿನ ವಾಲ್‌ಸ್ಟಾಟ್ ಫುಟ್‌ಬಾಲ್ ಕ್ಲಬ್ಬಿನ ಕ್ರೀಡಾಂಗಣದಲ್ಲಿ ಅವಳದು ಸಂಬಳವಿಲ್ಲದ, ಆದರೆ ಜೀವದಷ್ಟೇ ಇಷ್ಟವಾದ ಕೆಲಸ. ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಕಣ್ಣು ಕಾಣದ ಪ್ರೇಕ್ಷಕರ ಕಿವಿಗೆ ಪಂದ್ಯವನ್ನು ಹೇಳುವುದು. ಚೆಂಡು ಯಾರ ಕಾಲಲ್ಲಿದೆ, ಯಾರು ಜಾರಿದರು, ಯಾರು ಸುಳ್ಳು ಸುಳ್ಳೇ ಬಿದ್ದು ಹೊರಳಾಡುತ್ತಿದ್ದಾರೆ, ಎಲ್ಲವನ್ನೂ. ಈ ಊರಿನವರು, ಬಂದ ಊರಿನವರು ಎಂಬ ಭೇದವಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಅಷ್ಟೇ ನಿಯಮ.

ಆದರೆ ಅವತ್ತಿನದು ಯುರೋಪಿನ ಕಪ್ಪಿನ ಕ್ವಾರ್ಟರ್ ಫೈನಲ್! ಎರಡು ಪಂದ್ಯಗಳಲ್ಲಿ ಮೊದಲನೆಯದು. ವಾಲ್‌ಸ್ಟಾಟ್ ಒಂದು ಗೋಲು ಮುಂದಿತ್ತು, ಜನ ಆಗಲೇ ಎದ್ದು ಹಾಡುತ್ತಿದ್ದರು. ಅಷ್ಟರಲ್ಲಿ ಗಡಿಯಾಚೆಯ ಗೆಂಟ್ ಊರಿನಿಂದ ಬಂದ ಲೈಯೆ ತಂಡ ಸಮ ಮಾಡಿಬಿಟ್ಟಿತು. ಮಿರ್ತೆಯ ಗಂಟಲು ಕಟ್ಟಿತು. ಪಕ್ಕದಲ್ಲಿ ಎರಡನೇ ಮೈಕ್ ಹಿಡಿದಿದ್ದ ಹಿರಿಯ ಹಾರ್ಮ್ ಕೂಡ ಬಾಯಿ ತೆಗೆಯಲಿಲ್ಲ. ಕಿವಿಗಳಲ್ಲೆಲ್ಲ ಬರೀ ಮೌನ.

ಆ ಹುಡುಗನ ಹೆಸರು ವಾನೆಸ್. ಅವನು ಕೂಗಾಡಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾದದ್ದು.

"ಸುತ್ತ ಎಲ್ರೂ ಹಾರಾಡ್ತಿದ್ರು. ಯಾರೋ ತಬ್ಕೊಂಡ್ರು, ಯಾರೋ ತಲೆ ಮೇಲೆ ಬಿಯರ್ ಚೆಲ್ಲಿದ್ರು. ಗೋಲು ಅಂತ ಗೊತ್ತಾಯ್ತು. ಹೇಗೆ ಅಂತ ಹೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ನಮ್ಮ ಕ್ಲಬ್ಬು ಇಷ್ಟು ದೂರ ಬಂದಿರೋದು ಇದೇ ಮೊದಲು ಕಣ್ರೀ..."

ಮಿರ್ತೆಗೆ ಮೊದಲು ಅವನ ಮೇಲೆ ಸಿಟ್ಟು ಬಂತು. ಆಮೇಲೆ ತನ್ನ ಮೇಲೆಯೇ. ಸರಕ್ಕನೆ ಒಂದು ಕುರ್ಚಿ ಎಳೆದಳು.

"ಕೂತ್ಕೋ. ಹೇಳ್ತೀನಿ."

ಅಪರಿಚಿತರನ್ನೂ ಏಕವಚನದಲ್ಲೇ ಮಾತಾಡಿಸುವುದು ಡಚ್ಚರ ಅಭ್ಯಾಸ. ಗೆಂಟ್‌ನವನು ಹುಬ್ಬೇರಿಸಿದ, ಆದರೂ ಕೂತ.

"ನಿಮ್ಮ ಗೋಲ್‌ಕೀಪರ್ ಉದ್ದಕ್ಕೆ ಒದ್ದ. ನಮ್ಮ ಡಿಫೆಂಡರ್ ತಲೆ ಕೊಡೋಕೆ ಹಾರಿದ, ಚೆಂಡು ಅವನ ಕೂದಲು ಸವರಿ ಹಿಂದಕ್ಕೆ ಹೋಯ್ತು. ಅಲ್ಲಿದ್ದ ನಿಮ್ಮ ಗಿಡ್ಡ, ಹತ್ತನೇ ನಂಬರಿನವನು. ಚೆಂಡನ್ನ ನೆಲಕ್ಕೆ ಬೀಳೋಕೂ ಬಿಡಲಿಲ್ಲ. ಎಡಗಾಲಲ್ಲಿ ಹಾಗೇ ತಿರುಗಿಸಿದ. ನಮ್ಮ ಕೀಪರ್ ಬೆರಳು ತಾಗಿತು... ನಿಜವಾಗ್ಲೂ ತಾಗಿತು, ನಾನು ನೋಡಿದೆ... ಆದ್ರೂ ಕಂಬಕ್ಕೆ ಬಡಿದು ಒಳಗೆ ಹೋಯ್ತು."

ಹೇಳುತ್ತಾ ಹೇಳುತ್ತಾ ಅವಳು ಅವನ ಮುಖ ನೋಡಿದಳು. ಮೊದಲು ಹುಬ್ಬು, ಆಮೇಲೆ ತುಟಿ, ಕೊನೆಗೆ ಮುಖವೆಲ್ಲ ಅರಳಿತು. ಕೈ ಮುಷ್ಟಿಯಾಯಿತು. ಇಷ್ಟು ವರ್ಷ ಗಾಜಿನ ಹಿಂದೆ ಕೂತು ನೂರಾರು ಗೋಲು ಹೇಳಿದ್ದಳು. ತಾನು ಹೇಳಿದ ಗೋಲು ಒಬ್ಬನ ಮುಖಕ್ಕೆ ಬಂದು ತಲುಪುವುದನ್ನು ಅವಳು ನೋಡಿದ್ದು ಅದೇ ಮೊದಲು!

"ಇನ್ನೊಂದ್ಸಲ," ಅಂದ ವಾನೆಸ್, ಮಗುವಿನ ಹಾಗೆ.

ಎರಡನೇ ಸಲ ಹೇಳಿದಳು. ಮೂರನೇ ಸಲ ಹೇಳುವಾಗ ಇಬ್ಬರೂ ಹೊರಗಿನ ತಿಂಡಿ ಗಾಡಿಯ ಮುಂದೆ ನಿಂತು ಆಲೂಗಡ್ಡೆ ಫ್ರೈ ತಿನ್ನುತ್ತಿದ್ದರು. ಇಂಥದ್ದನ್ನು ತಮ್ಮೂರಲ್ಲಿ ಹಂದಿಗೂ ಹಾಕುವುದಿಲ್ಲ ಎಂದು ಅವನು ಮೂಗು ಮುರಿದ, ಆದರೆ ಪೊಟ್ಟಣದ ತಳದ ಚೂರನ್ನೂ ಬಿಡಲಿಲ್ಲ. ಅವನ ಅಕ್ಕ ಲೀವೆ ಬಸ್ಸು ಹೊರಡುತ್ತಿದೆ ಎಂದು ಕೂಗುವವರೆಗೂ ಮಾತು ಮುಗಿಯಲಿಲ್ಲ.

ಎರಡನೇ ಪಂದ್ಯಕ್ಕೆ ಒಂದು ವಾರವಿತ್ತು.

ಆ ವಾರ ಮಿರ್ತೆಯ ಫೋನಿಗೆ ಬಿಡುವೇ ಇರಲಿಲ್ಲ. ವಾನೆಸ್ ಬರೆಯುತ್ತಿರಲಿಲ್ಲ, ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದ. ಅವನು ಫಿಸಿಯೋ, ದಿನವಿಡೀ ಜನರ ಸೊಂಟ, ಮಂಡಿ ನೆಟ್ಟಗೆ ಮಾಡುವ ಕೆಲಸ. ಅವಳು ಕನ್ನಡಕದ ಅಂಗಡಿಯಲ್ಲಿ ಮಾರಾಟಗಾರ್ತಿ ಎಂದು ತಿಳಿದಾಗ ಅವನು ನಕ್ಕ ನಗು ಫೋನಿನಲ್ಲಿ ನಿಲ್ಲಲೇ ಇಲ್ಲ. ಕೊನೆಗೆ, "ಪಾಪ, ನಿಮಗೆ ನನ್ನಿಂದ ಒಂದು ಪೈಸೆ ವ್ಯಾಪಾರ ಆಗಲ್ಲ," ಅಂದ.

ಬೆಳಗ್ಗೆ ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸಿಕೊಂಡು ತಿನ್ನುವ ಡಚ್ಚರ ಜೊತೆ ಸ್ನೇಹ ಬೇಡವೆಂದು ಅಕ್ಕ ಬುದ್ಧಿ ಹೇಳಿದಳಂತೆ. ಮಿರ್ತೆ ತಿರುಗೇಟು ಕೊಟ್ಟಳು, ಅವನು ಅದಕ್ಕೂ ಮೇಲೆ ಹೋದ. ಹೀಗೇ ನಡೆಯಿತು. ಸೈಕಲ್ ತುಳಿಯುತ್ತಾ ಅವಳು ನದಿಯ ಬಣ್ಣ, ಸೇತುವೆ ಮೇಲಿನ ರೈಲು, ಎದುರು ಬಂದ ನಾಯಿಯ ಕಿವಿ ಎಲ್ಲವನ್ನೂ ಅವನಿಗೆ ಹೇಳುತ್ತಿದ್ದಳು. ಯಾಕೆ ಇಷ್ಟೆಲ್ಲ ಹೇಳುತ್ತಿದ್ದೇನೆ ನಾನು? ಉತ್ತರ ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಭಯವಿತ್ತು.

ಸೋಮವಾರ ಕ್ಲಬ್ಬಿನ ಕಚೇರಿಯಿಂದ ಫೋನು ಬಂತು. ಆವತ್ತಿನ ಮೌನದ ವಿಷಯ ತಮ್ಮ ಕಿವಿಗೆ ಬಿದ್ದಿದೆ, ಗೆಂಟ್‌ಗೆ ಹಾರ್ಮ್ ಒಬ್ಬನೇ ಹೋಗಲಿ, ನೀನು ವಿಶ್ರಾಂತಿ ತಗೋ ಎಂದರು. ಹೇಳಿದವರು ಯಾರು ಎಂದು ಕೇಳಿದರೆ ಹೆಸರು ಹೇಳಲಾಗದು ಎಂದರು.

ಹೆಸರು ಬೇರೆ ಬೇಕೇ! ಮೌನದ ಬಗ್ಗೆ ಬಾಯಿಬಿಟ್ಟು ದೂರಿದವನು ಒಬ್ಬನೇ ಒಬ್ಬ...

ಸಂಜೆ ಸಿಹಿ ಮಾತು, ಬೆಳಗ್ಗೆ ಚಾಡಿ! ಮಿರ್ತೆ ಅಳು ತಡೆದುಕೊಂಡು ಒಂದೇ ಸಂದೇಶ ಕಳಿಸಿದಳು.

"ನನ್ನ ಮೈಕ್ ಕಿತ್ಕೊಂಡ್ಯಲ್ಲ, ಸಮಾಧಾನ ಆಯ್ತಾ? ಇನ್ಮೇಲೆ ನಿನ್ನ ಗೋಲುಗಳನ್ನ ಬೇರೆ ಯಾರ ಹತ್ರನಾದ್ರೂ ಕೇಳ್ಕೋ."

ಅವನಿಂದ ಉತ್ತರಗಳು ಬಂದವು. ಒಂದನ್ನೂ ಕೇಳಲಿಲ್ಲ. ಕೇಳಿದರೆ ಮನಸ್ಸು ಕರಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಟಮಾರಿ ಹುಡುಗಿ!

ಪಂದ್ಯದ ದಿನ ಬೆಳಗ್ಗೆ ಹಾರ್ಮ್ ಫೋನ್ ಮಾಡಿದ. ಆ ಕಡೆಯಿಂದ ಬಂದದ್ದು ಮಾತಲ್ಲ, ಬರೀ ಗಾಳಿ. ಹಿಂದಿನ ಭಾನುವಾರ ಲೀಗ್ ಪಂದ್ಯದಲ್ಲಿ ಹಳೆಯ ಗೆಳೆಯರ ಜೊತೆ ಹಾಡುವವರ ಗ್ಯಾಲರಿಯಲ್ಲಿ ನಿಂತು ಅರಚಿ ಅರಚಿ ಗಂಟಲು ಕೂರಿಸಿಕೊಂಡಿದ್ದ. ನಾಲ್ಕು ದಿನ ಜೇನುತುಪ್ಪ ನೆಕ್ಕಿದರೂ ದನಿ ಏಳಲಿಲ್ಲ. ಕಚೇರಿಗೆ ಬೇರೆ ದಾರಿಯಿರಲಿಲ್ಲ. ಮಿರ್ತೆಯೇ ಹೋಗಬೇಕಾಯಿತು.

ಅಭಿಮಾನಿಗಳ ಬಸ್ಸಿನಲ್ಲಿ ಪಕ್ಕದಲ್ಲೇ ಕೂತ ಹಾರ್ಮ್ ಗಡಿ ದಾಟುವವರೆಗೂ ಕಿಟಕಿ ನೋಡುತ್ತಿದ್ದ. ಆಮೇಲೆ ಅವಳ ಕಿವಿಗೆ ಬಾಗಿ ಪಿಸುಗುಟ್ಟಿದ.

"ಹೇಳಿದ್ದು ನಾನು ಕಣಮ್ಮ."

"ಏನನ್ನ?"

"ಆಫೀಸಿಗೆ. ನಿನ್ನ ದನಿ ನಿಂತಾಗ ನಾನು ಶುರು ಮಾಡ್ಬೇಕಿತ್ತು, ಅದಕ್ಕೇ ತಾನೆ ಇಬ್ರು ಕೂರೋದು? ನಾನೂ ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ಮನಸ್ಸು ಚುಚ್ತು, ನನ್ನದು ತಪ್ಪಾಯ್ತು ಅಂತ ಹೇಳ್ದೆ. ಅವರು ನನ್ನ ಬಿಟ್ಟು ನಿನ್ನ ಮನೇಲಿ ಕೂರಿಸಿದ್ರು. ನಿನಗೆ ಹೇಳೋಕೆ ಮುಖ ಇರಲಿಲ್ಲ."

ಮಿರ್ತೆಗೆ ಬಸ್ಸಿನಿಂದ ಹಾರಿಕೊಳ್ಳುವಂತಾಯಿತು. ವಾನೆಸ್‌ನ ಸಂದೇಶಗಳನ್ನು ತೆರೆದಳು. ಮೊದಲನೆಯದರಲ್ಲಿ ಅವನಿಗೆ ಏನೂ ಅರ್ಥವಾಗಿರಲಿಲ್ಲ. ಎರಡನೆಯದರಲ್ಲಿ ತಾನು ಯಾರಿಗೂ ದೂರಿಲ್ಲವೆಂದು ಆಣೆ ಮಾಡಿ ಹೇಳಿದ್ದ. ಕೊನೆಯದರಲ್ಲಿ ದನಿ ತೀರಾ ಮೆತ್ತಗಿತ್ತು: "ನನ್ನ ಜೊತೆ ಮಾತಾಡದೇ ಇದ್ರೂ ಪರವಾಗಿಲ್ಲ. ಆದ್ರೆ ಗುರುವಾರ ನೀವು ಮಾತಾಡ್ಬೇಕು."

ಫೋನ್ ಮಾಡಿದಳು. ಹತ್ತಲಿಲ್ಲ. ಮತ್ತೆ ಮಾಡಿದಳು. ಗೆಂಟ್ ಕ್ರೀಡಾಂಗಣದ ಸುತ್ತ ಅಷ್ಟು ಜನ ಸೇರಿದ್ದರು, ಯಾರ ಫೋನೂ ಯಾರಿಗೂ ಸಿಗುತ್ತಿರಲಿಲ್ಲ.

ಗೆಂಟ್‌ನಲ್ಲಿ ಹೆಡ್‌ಫೋನುಗಳಿಗೆ ಎರಡು ಚಾನೆಲ್. ಒಂದನೆಯದು ಅಲ್ಲಿಯವರಿಗೆ, ಅಲ್ಲಿನವರೇ ಹೇಳುತ್ತಾರೆ. ಎರಡನೆಯದು ಬಂದ ಊರಿನವರಿಗೆ. ತನ್ನ ತಂಡದ ಇಷ್ಟು ದೊಡ್ಡ ಪಂದ್ಯವನ್ನು ವಾನೆಸ್ ತನ್ನವರ ಬಾಯಲ್ಲೇ ಕೇಳುತ್ತಾನೆ, ಇನ್ನೇನು? ಒಂದೇ ಕ್ರೀಡಾಂಗಣದಲ್ಲಿದ್ದೂ ತನ್ನ ಮಾತು ಅವನಿಗೆ ತಲುಪುವುದಿಲ್ಲ. ಮಿರ್ತೆ ಕಣ್ಣೊರೆಸಿಕೊಂಡು ಮೈಕ್ ಹತ್ತಿರಕ್ಕೆ ಎಳೆದುಕೊಂಡಳು.

ಎಂಥ ಪಂದ್ಯ ಅದು! ವಾಲ್‌ಸ್ಟಾಟ್ ಮೊದಲು ಹೊಡೆಯಿತು. ಮಿರ್ತೆ ಕಿರುಚಿದ ರಭಸಕ್ಕೆ ಹಾರ್ಮ್ ಎರಡೂ ಕಿವಿ ಮುಚ್ಚಿಕೊಂಡ. ಎರಡನೇ ಅರ್ಧದಲ್ಲಿ ಲೈಯೆ ಪೆನಾಲ್ಟಿಯಿಂದ ಸಮ ಮಾಡಿತು. ಅವಳು ಅದನ್ನೂ ಹೇಳಿದಳು, ಹಲ್ಲು ಕಚ್ಚಿಕೊಂಡು. ಎರಡೂ ಪಂದ್ಯ ಕೂಡಿಸಿದರೂ ಸಮ. ಹೆಚ್ಚುವರಿ ಸಮಯ ಶುರುವಾಯಿತು. ಆಟಗಾರರ ಕಾಲುಗಳು ಸೋತಿದ್ದವು, ಜನರ ಗಂಟಲು ಮಾತ್ರ ಸೋತಿರಲಿಲ್ಲ. ವಾಲ್‌ಸ್ಟಾಟ್‌ನ ಒಂದು ಹೊಡೆತ ಮೇಲಿನ ಅಡ್ಡಪಟ್ಟಿಗೆ ಬಡಿದು ಬಂದಾಗ ಅವರ ಅಭಿಮಾನಿಗಳ ಹಳದಿ ಗ್ಯಾಲರಿಯೇ ತಲೆ ಮೇಲೆ ಕೈ ಹೊತ್ತಿತು.

ಇನ್ನೇನು ಪೆನಾಲ್ಟಿ ಶೂಟೌಟ್ ಎನ್ನುವಾಗ ಲೈಯೆಗೆ ಒಂದು ಕಾರ್ನರ್ ಸಿಕ್ಕಿತು.

"ಚೆಂಡು ಎತ್ತರಕ್ಕೆ ಬಂತು... ನಮ್ಮವರು ತಲೆಯಿಂದ ಹೊರಕ್ಕೆ ಕಳಿಸಿದ್ರು... ಇಲ್ಲ, ಪೂರ್ತಿ ಹೋಗಲಿಲ್ಲ, ಅವರ ಬಲಗಡೆಯವನ ಕಾಲಿಗೆ ಸಿಕ್ತು..."

ಅವಳಿಗೆ ಮುಂದಿನದು ಆಗುವ ಮೊದಲೇ ಕಂಡಿತು. ದನಿ ಒಡೆಯಿತು. ಕೇಳುತ್ತಿರುವವರು ತನ್ನ ಊರಿನವರು. 'ಗೋಲು, ಅವರದು' ಎಂದು ಮುಗಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಬದಲಿಗೆ ಒಳ್ಳೆಯದಾಯಿತು ಅಂದುಕೊಳ್ಳುತ್ತಾರೆ. ವಾನೆಸ್‌ಗಂತೂ ಇದು ಕೇಳಿಸುವುದೇ ಇಲ್ಲ.

ಪಕ್ಕದಲ್ಲಿ ಹಾರ್ಮ್ ಎದ್ದು ನಿಂತು ಅವಳ ಭುಜ ಗಟ್ಟಿಯಾಗಿ ಹಿಡಿದ.

"...ಹೊಡೀತಾನೆ. ಇಷ್ಟು ದೂರದಿಂದ ಯಾರೂ ಹೊಡೆಯಲ್ಲ, ಇವನು ಹೊಡೆದ! ಚೆಂಡು ಎದ್ದಿತು... ಎಲ್ಲರ ತಲೆ ಮೇಲೆ... ಹೊರಗೆ ಹೋಗುತ್ತೆ ಅಂದ್ಕೊಂಡೆ, ಹೋಗಲಿಲ್ಲ, ಬಾಗಿತು, ಕೊನೇ ಗಳಿಗೆಯಲ್ಲಿ ಒಳಕ್ಕೆ ಬಾಗಿತು. ನಮ್ಮ ಕೀಪರ್ ಹಾರಲೂ ಇಲ್ಲ, ನಿಂತು ನೋಡಿದ. ಗೋಲು. ಲೈಯೆ ಎರಡು, ನಾವು ಒಂದು. ಹೊಡೆದವನು ಓಡ್ತಿಲ್ಲ, ಮಂಡಿಯೂರಿ ಕೂತಿದ್ದಾನೆ, ಅವನಿಗೇ ನಂಬಿಕೆ ಬಂದಿಲ್ಲ. ಇಡೀ ಗ್ಯಾಲರಿ ನೇರಳೆ ಆಗಿ ಕೆಳಗೆ ಉರುಳ್ತಿದೆ. ಮೆಟ್ಟಿಲ ಮೇಲೆ ಒಬ್ಬ ಅಜ್ಜ ಟೋಪಿಯಲ್ಲಿ ಮುಖ ಮುಚ್ಕೊಂಡು ಅಳ್ತಿದ್ದಾನೆ..."

ಅವಳೂ ಅಳುತ್ತಿದ್ದಳು. ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಪಂದ್ಯ ಮುಗಿಯಿತು. ವಾಲ್‌ಸ್ಟಾಟ್‌ನ ಯುರೋಪು ಕಪ್ಪಿನ ಕನಸೂ ಅಲ್ಲಿಗೇ ಮುಗಿಯಿತು.

ಊರಿನ ಜನ ಚದುರುವವರೆಗೆ ಬಂದವರನ್ನು ಅವರ ಗ್ಯಾಲರಿಯಲ್ಲೇ ನಿಲ್ಲಿಸಿಕೊಳ್ಳುವುದು ವಾಡಿಕೆ. ಮಿರ್ತೆ ಗ್ಯಾಲರಿಯ ಕೆಳಗೆ ನಿಂತು ಹೆಡ್‌ಫೋನುಗಳನ್ನು ವಾಪಸ್ ಪಡೆಯುತ್ತಿದ್ದಳು. ಹೆಂಗಸೊಬ್ಬಳು ತನ್ನದನ್ನು ಕೊಡುತ್ತಾ ಅವಳ ಕೈ ಹಿಡಿದುಕೊಂಡಳು.

"ಹೊಟ್ಟೆ ಉರೀತು ಕಣೇ. ಆದ್ರೆ ಎಲ್ಲಾ ನೋಡ್ದೆ."

ಅಷ್ಟರಲ್ಲಿ ಮೇಲಿನ ಸಾಲುಗಳಿಂದ ಶಿಳ್ಳೆ, ಕೂಗು ಎದ್ದಿತು. ಹಳದಿ ಸ್ಕಾರ್ಫುಗಳ ನಡುವೆ ಒಂದು ನೇರಳೆ ಸ್ಕಾರ್ಫು ಬರುತ್ತಿತ್ತು! ಮುಂದೆ ಜನರನ್ನು ಸರಿಸುತ್ತಾ ಲೀವೆ, ಹಿಂದೆ ಅವಳ ಮೊಣಕೈ ಹಿಡಿದ ವಾನೆಸ್. ಗೇಟಿನವನು ಬಿಳಿ ಕೋಲು ನೋಡಿ ಒಳಗೆ ಬಿಟ್ಟಿದ್ದ.

"ಪಂದ್ಯ ತಗೊಂಡ್ರಲ್ಲಪ್ಪಾ, ಇನ್ನೇನು ಬೇಕು?" ಎಂದು ಒಬ್ಬ ಕೆಣಕಿದ.

"ಹೆಡ್‌ಫೋನಿನ ಹುಡುಗಿ," ಅಂದ ವಾನೆಸ್ ಶಾಂತವಾಗಿ.

ಸೋತು ಸುಣ್ಣವಾಗಿದ್ದ ಜನ ಘೊಳ್ಳನೆ ನಕ್ಕರು. ಲೀವೆ ತನ್ನ ಪಾಡಿಗೆ ಗೊಣಗುತ್ತಿದ್ದಳು. ಊರೆಲ್ಲ ಕುಣಿಯುತ್ತಿದೆ, ಇವನು ಮಾತ್ರ ಕುಣಿಯಲಿಲ್ಲ, ಯಾರನ್ನೂ ತಬ್ಬಲಿಲ್ಲ, ಗೋಲಾದಾಗ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ಕಂಬದ ಹಾಗೆ ನಿಂತುಬಿಟ್ಟ ಎಂದು.

ಮಿರ್ತೆ ಅವನತ್ತ ತಿರುಗಿದಳು.

"ನೀನು... ಯಾವ ಚಾನೆಲ್ ಕೇಳ್ತಿದ್ದೆ?"

"ಎರಡನೇದು. ಮೊದಲಿನಿಂದ."

"ನಿಮ್ಮ ಊರಿನವರನ್ನ ಬಿಟ್ಟು?"

"ಅವರು ಚೆನ್ನಾಗೇ ಹೇಳ್ತಾರೆ. ಆದ್ರೆ ನನಗೆ ನಿಮ್ಮ ದನಿ ಬೇಕಿತ್ತು. ನಿಮ್ಮವರು ಗೋಲು ಹೊಡೆದಾಗ ನೀವು ಕಿರುಚಿದ್ದಕ್ಕೆ ಈ ಕಿವಿ ಇನ್ನೂ ಗುಂಯ್ ಅಂತಿದೆ."

ಅವಳು ನಗಲೂ ಆಗದೆ ಅಳಲೂ ಆಗದೆ ನಿಂತಳು. ಹಾರ್ಮ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕೇಳದೇ ತೀರ್ಪು ಕೊಟ್ಟದ್ದಕ್ಕೆ ಕ್ಷಮೆ ಕೇಳಿದಳು.

"ಬೇಜಾರಾಗಿತ್ತು," ಅಂದ ವಾನೆಸ್. "ಸುಳ್ಳು ಹೇಳಲ್ಲ, ಎರಡು ದಿನ ಊಟ ಸೇರಲಿಲ್ಲ. ಇವತ್ತು ಆ ಕಾರ್ನರ್ ಬಂದಾಗ ನಿಮ್ಮ ದನಿ ಒಡೀತು. ಈಗ ನಿಲ್ಲಿಸ್ತಾರೆ ಅಂದ್ಕೊಂಡೆ. ನಿಮ್ಮ ಮನೆಯೇ ಮುಳುಗ್ತಿರುವಾಗ ನನಗೆ ಅದನ್ನ ಪೂರ್ತಿ ತೋರಿಸಿದ್ರಲ್ಲ... ಗೆದ್ದೆವು ಅಂತ ಗೊತ್ತಾಯ್ತು. ಜೊತೆಗೆ ಇನ್ನೊಂದೂ ಗೊತ್ತಾಯ್ತು."

"ಏನು?"

"ನಿಮ್ಮನ್ನ ಪ್ರೀತಿಸ್ತೀನಿ ಅಂತ. ದನಿಯನ್ನ ಮಾತ್ರ ಅಲ್ಲ."

ಮಿರ್ತೆಯ ಕೈಯಿಂದ ಹೆಡ್‌ಫೋನ್ ಪೆಟ್ಟಿಗೆ ಜಾರಿತು. ಹಾರ್ಮ್ ಹೇಗೋ ಹಿಡಿದುಕೊಂಡು, ಲೀವೆಯನ್ನೂ ಕರೆದುಕೊಂಡು ಮೆಲ್ಲಗೆ ಆಚೆ ಸರಿದ.

"ನಾನೂ ಕಣೋ," ಅಂದಳು ಅವಳು. "ನಿನ್ನ ಮುಖಕ್ಕೆ ಗೋಲು ಬಂದ ದಿನದಿಂದ."

ಅವನು ಕೈ ಚಾಚಿದ. ಅವಳು ಹಿಡಿದಳು.

"ಈಗ ಏನು ಕಾಣ್ತಿದೆ? ಹೇಳು," ಅಂದ. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

"ಖಾಲಿ ಆಗ್ತಿರೋ ಗ್ಯಾಲರಿ. ಹುಲ್ಲಿನ ಮೇಲೆ ನೀರು ಬಿಡ್ತಿದ್ದಾರೆ. ನಮ್ಮೂರ ಜನ ನಾಚಿಕೆ ಇಲ್ದೆ ಇತ್ತಲೇ ನೋಡ್ತಿದ್ದಾರೆ. ಇಲ್ಲೊಬ್ಬ ಉದ್ದನೆಯ ಮನುಷ್ಯ, ಕಣ್ಣಲ್ಲಿ ನೀರಿದೆ, ಗೆದ್ದವನ ಹಾಗೆ ಕಾಣಲ್ಲ. ಅವನ ಎದುರಿಗೆ ಸೋತ ಊರಿನ ಹುಡುಗಿ, ಅತ್ತು ಅತ್ತು ಮೂಗು ಕೆಂಪಾಗಿದೆ. ಅವಳು ಒಂದು ಹೆಜ್ಜೆ ಮುಂದೆ ಬಂದ್ಲು... ಇನ್ನೊಂದು ಹೆಜ್ಜೆ... ಈಗ ತುದಿಗಾಲಲ್ಲಿ ನಿಂತು..."

"ಸಾಕು ಮಿರ್ತೆ," ಅಂದ ವಾನೆಸ್ ಅವಳನ್ನು ಬಳಸಿಕೊಳ್ಳುತ್ತಾ. "ಉಳಿದದ್ದು ನನಗೇ ಕಾಣ್ತಿದೆ."